ಎಂಜಿನ್ನಿನ ಅಡಿಯ ಹನಿ: ಕೀಲೆಣ್ಣೆಯಿಂದ ಆಯಿಲ್ ಸೀಲಿನವರೆಗೆ

ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಹಿಂದಕ್ಕೆ ಸರಿಸಿದರೆ ನೆಲದ ಮೇಲೆ ರೂಪಾಯಿ ಅಗಲದ ಕರಿ ಮಚ್ಚೆ ಕಾಣುವುದುಂಟು. ಮನೆಯವರಿಗೆ ಅಂಗಳ ಕೆಟ್ಟಿತೆಂಬ ಸಿಟ್ಟು, ಗಾಡಿಯವರಿಗೆ ಎಂಜಿನ್ ಕೆಟ್ಟೀತೆಂಬ ದಿಗಿಲು. ಬಾಡಿಗೆ ಗಾಡಿಯನ್ನೇ ನಂಬಿ ಬದುಕುವ ಮನೆಗಳು ನಮ್ಮ ಗಡಿನಾಡಿನಲ್ಲಿ ಬಹಳ. ಗ್ಯಾರೇಜು ದೂರ, ಖರ್ಚು ಹೆಚ್ಚು. ಹಾಗೆಂದು ಹನಿಯನ್ನು ಅಲಕ್ಷಿಸಿದರೆ ಒಂದು ದಿನ ಎಣ್ಣೆ ತೀರಿ, ಬೇರಿಂಗು ಸುಟ್ಟು, ಎಂಜಿನ್ ಹಿಡಿದುಕೊಂಡುಬಿಡುತ್ತದೆ. ಈ ಹನಿಗೂ ಒಂದು ಇತಿಹಾಸವಿದೆ. ಅದನ್ನು ಅರಿತರೆ ಯಾವ ಸೋರಿಕೆಯನ್ನು ಮನೆಯಲ್ಲೇ ನಿಲ್ಲಿಸಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದೂ ಅರಿವಾಗುತ್ತದೆ.

ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆ ಸೋರುವುದು ದೋಷವೇ ಆಗಿರಲಿಲ್ಲ. ಗಾಡಿಯ ಅಡಿಯಲ್ಲಿ ತೂಗುತ್ತಿದ್ದ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಇರುತ್ತಿತ್ತು. ಹಿರಿಯರಿಗೆ ಅದರ ನೆನಪಿದ್ದೀತು. ಅಚ್ಚಿಗೆ ಹಾಕಿದ ಎಣ್ಣೆ ಧೂಳಿನೊಡನೆ ಬೆರೆತು ಮಸಿಯಾಗಿ ಹೊರಬರುತ್ತಿತ್ತು; ಮತ್ತೆ ಹಾಕಿಕೊಂಡು ಮುಂದೆ ಹೋಗುವುದು, ಅಷ್ಟೆ. ಮೊದಲ ಮೋಟಾರು ಗಾಡಿಗಳದ್ದೂ ಇದೇ ರೀತಿ. ಎಣ್ಣೆ ಹನಿಹನಿಯಾಗಿ ಬೇರಿಂಗಿಗೆ ಬಿದ್ದು, ಕೆಲಸ ಮುಗಿಸಿ, ರಸ್ತೆಗೆ ಹೋಗುತ್ತಿತ್ತು. ನಮ್ಮ ಹೊಲದ ಹರಳೆಣ್ಣೆಗೂ ಆ ಕಾಲದಲ್ಲಿ ದೊಡ್ಡ ಮಾನವಿತ್ತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಕ್ಯಾಸ್ಟರ್, ಅಂದರೆ ಹರಳು, ಎಂಬ ಶಬ್ದದಿಂದಲೇ.

ಎಣ್ಣೆಯನ್ನು ಒಳಗೇ ಇಟ್ಟು ಮತ್ತೆ ಮತ್ತೆ ಬಳಸುವ ರೂಢಿ ಬೆಳೆದ ಮೇಲೆ ಸೋರಿಕೆ ಒಂದು ಸಮಸ್ಯೆಯಾಯಿತು. 1908ರಲ್ಲಿ ಬಂದ ಫೋರ್ಡ್ ಟಿ ಮಾದರಿಯಲ್ಲಿ ಎಣ್ಣೆಯ ಪಂಪು ಇರಲಿಲ್ಲ. ತಿರುಗುವ ಭಾಗಗಳೇ ಎಣ್ಣೆಯನ್ನು ಎರಚಿ ಎಲ್ಲೆಡೆ ಒಯ್ಯುತ್ತಿದ್ದವು. ಮಟ್ಟ ನೋಡಲು ಕೆಳಗಡೆ ಎರಡು ಪುಟ್ಟ ನಲ್ಲಿಗಳು. ಮೇಲಿನ ನಲ್ಲಿಯಿಂದ ಎಣ್ಣೆ ಬಂದರೆ ತುಂಬಿದೆ, ಕೆಳಗಿನದರಿಂದಲೂ ಬಾರದಿದ್ದರೆ ಅಪಾಯ. ಮುಂದೆ ಪಂಪು ಬಂದು ಎಣ್ಣೆಯನ್ನು ಒತ್ತಡದಿಂದ ಕಳುಹಿಸತೊಡಗಿತು. ಒತ್ತಡ ಹೆಚ್ಚಿದಂತೆ ಸಂದುಗಳ ಪರೀಕ್ಷೆಯೂ ಕಠಿಣವಾಯಿತು.

ಸಂದು ಮುಚ್ಚುವ ವಿದ್ಯೆ ಮಾತ್ರ ಮೋಟಾರಿಗಿಂತ ಹಳೆಯದು. 1712ರ ಸುಮಾರಿಗೆ ನ್ಯೂಕಮನ್ ಎಂಬಾತ ಕಟ್ಟಿದ ಉಗಿಯಂತ್ರದಲ್ಲಿ ಪಿಸ್ಟನ್ನಿನ ಸುತ್ತ ತೊಗಲು, ಅದರ ಮೇಲೆ ಒಂದಿಷ್ಟು ನೀರು. ಕಪಿಲೆಯ ತೊಗಲ ಚೀಲ ನೆನೆದಷ್ಟೂ ಸೋರದೆಂಬುದನ್ನು ಕಂಡ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೇಮ್ಸ್ ವಾಟ್‌ನ ಕಾಲಕ್ಕೆ ನಾರನ್ನು ಕೊಬ್ಬಿನಲ್ಲಿ ಅದ್ದಿ ಸಂದಿಗೆ ತುರುಕುತ್ತಿದ್ದರು. ಹೀಗೆ ತುರುಕುವುದಕ್ಕೇ ಪ್ಯಾಕಿಂಗ್ ಎಂಬ ಹೆಸರು. ಹೊಸೂರಿನ ತಮಿಳರಾಗಲಿ, ಸೊಲ್ಲಾಪುರದ ಮರಾಠಿಗರಾಗಲಿ, ಆದವಾನಿಯ ತೆಲುಗರಾಗಲಿ, ಕಾಸರಗೋಡಿನ ಮಲೆಯಾಳಿಗಳಾಗಲಿ, ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಈ ಶಬ್ದ ಒಂದೇ.

ಕಾರಿನಲ್ಲಿ ಈ ಪ್ಯಾಕಿಂಗು ಕಾರ್ಕಿನದೋ ದಪ್ಪ ಕಾಗದದ್ದೋ ಆಯಿತು. ಅದಕ್ಕೆ ಹಚ್ಚುತ್ತಿದ್ದ ಶೆಲಾಕ್ ನಮ್ಮ ದೇಶದ್ದೇ ಸರಕು. ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬದುಕುವ ಪುಟ್ಟ ಹುಳು ಸ್ರವಿಸುವ ಅರಗಿನಿಂದ ಅದು ತಯಾರಾಗುತ್ತದೆ. ಛೋಟಾ ನಾಗಪುರದ ಕಾಡಿನ ಜನ ಕೂಡಿಸಿದ ಅರಗು ಬಳೆಗೂ ಬಂತು, ಲಕೋಟೆಯ ಮೊಹರಿಗೂ ಬಂತು, ಎಂಜಿನ್ನಿಗೂ ಬಂತು. ಈಗ ಟ್ಯೂಬಿನಲ್ಲಿ ಸಿಗುವ ಸಿಲಿಕಾನ್ ಅಂಟು ಬಹುಮಟ್ಟಿಗೆ ಅದರ ಸ್ಥಾನ ಹಿಡಿದಿದೆ.

ನಿಂತ ಭಾಗಗಳ ಸಂದು ಹೀಗೆ ಮುಚ್ಚಿತು. ತಿರುಗುವ ಶಾಫ್ಟು ಹೊರಬರುವ ಜಾಗದ ಮಾತು ಬೇರೆ. ಅಲ್ಲಿ ಬಿಗಿದರೆ ಸುಡುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಮೊದಲು ಉಣ್ಣೆಯ ಫೆಲ್ಟು, ತೊಗಲು ಎಲ್ಲವನ್ನೂ ಬಳಸಿದರು. ಜರ್ಮನಿಯ ವೈನ್‌ಹೈಮ್ ಊರಿನ ಫ್ರಾಯ್ಡೆನ್‌ಬರ್ಗ್ ಎಂಬುದು 1849ರಿಂದ ತೊಗಲು ಹದ ಮಾಡುತ್ತಿದ್ದ ಸಂಸ್ಥೆ. 1929ರ ಆರ್ಥಿಕ ಕುಸಿತದಲ್ಲಿ ತೊಗಲಿನ ವ್ಯಾಪಾರ ಬಿದ್ದಾಗ ಅದು ಯಂತ್ರಗಳಿಗೆ ತೊಗಲಿನ ಸೀಲು ಮಾಡತೊಡಗಿತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಸಿಮ್ಮರ್ ರೂಪಿಸಿದ ಸೀಲಿಗೆ ಸಿಮ್ಮರ್‌ರಿಂಗ್ ಎಂದೇ ಹೆಸರಾಯಿತು. 1936ರ ಹೊತ್ತಿಗೆ ತೊಗಲಿನ ಬದಲು ಕೃತಕ ರಬ್ಬರು ಬಂತು. ಇಂದು ನಾವು ಆಯಿಲ್ ಸೀಲ್ ಎನ್ನುವುದು ಅದರದೇ ವಂಶ: ತೆಳುವಾದ ರಬ್ಬರಿನ ತುಟಿ, ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಓ ರಿಂಗಿಗೆ ಪೇಟೆಂಟ್ ಪಡೆದದ್ದು 1939ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದರು. ಅದರಲ್ಲಿ ಜೊತೆಗೂಡಿದ ವಾಲ್‌ಚಂದ್ ಹಿರಾಚಂದ್ ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿ, 1882ರಲ್ಲಿ. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ತೆರೆಯುವ ಆಸೆಗೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಫಿಯಟ್ ಕಾರೂ ಮುಂದೆ ಪದ್ಮಿನಿಯೆನಿಸಿಕೊಂಡ ಕಾರೂ ಬಂದದ್ದು ಅಲ್ಲಿಂದಲೇ.

ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ 2014ರಲ್ಲಿ ನಿಂತುಹೋಯಿತು. ಅದರಲ್ಲಿ ದಶಕಗಳ ಕಾಲ ಇದ್ದ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ವಿನ್ಯಾಸ. ಮೂರು ಬೇರಿಂಗಿನ ಆ ಮೂಲ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂತುದಿಗೆ ರಬ್ಬರ್ ಸೀಲೇ ಇರಲಿಲ್ಲ! ಶಾಫ್ಟಿನ ಮೇಲೆ ಸ್ಕ್ರೂವಿನಂತೆ ಸುರುಳಿ ಗೆರೆ ಕೊರೆದಿದ್ದರು. ಶಾಫ್ಟು ತಿರುಗುವಾಗ ಆ ಗೆರೆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ತಳ್ಳುವವರಿಲ್ಲ, ಒಂದೆರಡು ಹನಿ ಹೊರಗೆ ಬರುತ್ತದೆ. ಆದ್ದರಿಂದ ಎಲ್ಲ ಹನಿಯೂ ಮೆಕ್ಯಾನಿಕ್ಕಿನ ತಪ್ಪಲ್ಲ. ಕೆಲವು ಹನಿ ಎಂಜಿನ್ನಿನ ಜೊತೆಗೇ ಹುಟ್ಟಿದ್ದು.

ಈಗ ಮನೆಯಲ್ಲಿ ಮಾಡಬಹುದಾದ ಕೆಲಸ. ಮೊದಲು ಸೋರುತ್ತಿರುವುದು ಏನೆಂದು ನೋಡಬೇಕು. ರೇಡಿಯೇಟರಿನ ನೀರು, ಬ್ರೇಕ್ ಆಯಿಲ್, ಗೇರ್ ಆಯಿಲ್, ಎಂಜಿನ್ ಆಯಿಲ್ ಇವೆಲ್ಲ ಬೇರೆ ಬೇರೆ. ಬ್ರೇಕ್ ಆಯಿಲ್ ಸೋರುತ್ತಿದ್ದರೆ ಗಾಡಿಯನ್ನು ಹೊರಗೆ ತೆಗೆಯಲೇಬಾರದು. ಎಂಜಿನ್ ಆಯಿಲೇ ಆಗಿದ್ದರೆ, ಎಂಜಿನ್ ತಣ್ಣಗಿರುವಾಗ ಹೊರಮೈಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಅನುಮಾನದ ಜಾಗಕ್ಕೆ ಸ್ವಲ್ಪ ಮುಖದ ಪೌಡರ್ ಉದುರಿಸಿ. ಗಾಡಿಯನ್ನು ಸ್ವಲ್ಪ ಓಡಿಸಿ ಬಂದು ನೋಡಿದರೆ ಪೌಡರಿನ ಮೇಲೆ ಎಣ್ಣೆಯ ದಾರಿ ಕಾಣುತ್ತದೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಹಾಗಾಗಿ ಹನಿ ಬಿದ್ದ ಜಾಗ ಮುಖ್ಯವಲ್ಲ. ಒದ್ದೆಯಾದ ಅತಿ ಎತ್ತರದ ಜಾಗವೇ ಮೂಲ.

ಮೂಲ ಟ್ಯಾಪೆಟ್ ಕವರಿನಲ್ಲಿದ್ದರೆ ಕೆಲಸ ಸುಲಭ. ಕವರು ಬಿಚ್ಚಿ, ಹಳೆಯ ಪ್ಯಾಕಿಂಗ್ ತೆಗೆದು, ಎರಡೂ ಮುಖಗಳನ್ನು ಚೊಕ್ಕಟ ಮಾಡಿ ಹೊಸದನ್ನು ಕೂರಿಸಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬಲ ಪ್ರಯೋಗಿಸಿದರೆ ತಗಡು ಬಾಗಿ, ಕಾರ್ಕು ಹಿಂಡಿ, ಸೋರಿಕೆ ಎರಡರಷ್ಟಾಗುತ್ತದೆ. ಡ್ರೈನ್ ಬೋಲ್ಟಿನಲ್ಲಿ ಜಿನುಗಿದರೆ ಅದರ ವಾಷರ್ ಬದಲಿಸಿ. ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆ ಹೊಸದು ಕೂತರೆ ಎಣ್ಣೆ ಧಾರೆಯಾಗಿ ಸುರಿಯುತ್ತದೆ. ಸಿಲಿಕಾನ್ ಅಂಟು ತೆಳ್ಳಗಿರಲಿ. ಹೆಚ್ಚಾದದ್ದು ಒಳಗೆ ಕಳಚಿಬಿದ್ದು ಪಂಪಿನ ಜಾಲರಿಯನ್ನು ಕಟ್ಟಬಹುದು.

ಯಾವುದನ್ನು ಬಿಚ್ಚುವ ಮೊದಲೂ ಎಂಜಿನ್ನಿನ ಉಸಿರಾಟದ ಕೊಳವೆ ನೋಡಿ. ಪಿಸ್ಟನ್ ಬದಿಯಿಂದ ನುಸುಳುವ ಹೊಗೆ ಅದರ ಮೂಲಕ ಹೊರಹೋಗಬೇಕು. ಹಳೆಯ ಎಂಜಿನ್ನುಗಳು ಅದನ್ನು ನೇರ ಗಾಳಿಗೆ ಬಿಡುತ್ತಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1961ರ ಮಾದರಿಯ ಹೊಸ ಕಾರುಗಳಿಂದ ಅದನ್ನು ಮತ್ತೆ ಎಂಜಿನ್ನೇ ಎಳೆದುಕೊಂಡು ಸುಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಈ ಕೊಳವೆ ಜಿಡ್ಡಿನಿಂದ ಕಟ್ಟಿದರೆ ಒಳಗಿನ ಒತ್ತಡ ಏರಿ, ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಕೊಳವೆ ತೊಳೆದರೆ ಸಾಕು, ಎಷ್ಟೋ ಸೋರಿಕೆ ನಿಲ್ಲುತ್ತದೆ.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನಿಂದ ಎಣ್ಣೆ ಇಳಿಯುತ್ತಿದ್ದರೆ ಅದು ಹಿಂದಿನ ಸೀಲಿನ ಕೆಲಸ. ಗೇರ್ ಬಾಕ್ಸ್ ಇಳಿಸದೆ ಆಗದು, ಮೆಕ್ಯಾನಿಕ್ಕಿಗೆ ಬಿಡಿ. ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ಗೇಜ್ ಕಡ್ಡಿ ಎಳೆದು, ಎಣ್ಣೆ ಎರಡು ಗುರುತುಗಳ ನಡುವೆ ಇದೆಯೇ ನೋಡಿ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಹೊಗೆಯೇಳುತ್ತಿದ್ದರೆ ಮಾತ್ರ ಕಾಯಬೇಡಿ; ಬೆಂಕಿ ಹತ್ತಬಹುದು.

ಕೆಲವು ಎಚ್ಚರಿಕೆಗಳು. ಬರಿಯ ಜ್ಯಾಕ್ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರಕ್ಕೆ ಅಡೆ ಕೊಡಿ. ಹಳೆಯ ಗಾಡಿಗಳ ಕೆಲವು ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ತೆಗೆಯಿರಿ. ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಕೈಗೆ ತಾಗಿದರೆ ಸೋಪಿನಿಂದ ತೊಳೆಯಿರಿ. ಅದನ್ನು ನೆಲಕ್ಕೋ ಚರಂಡಿಗೋ ಸುರಿದರೆ ಮಳೆಗಾಲದಲ್ಲಿ ಇಳಿಯುವುದು ನಮ್ಮದೇ ಬಾವಿಗೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಎಣ್ಣೆ ಕೊಳ್ಳುವ ಪರವಾನಗಿ ಪಡೆದವರಿಗೆ ಮುಟ್ಟುವಂತೆ ಗ್ಯಾರೇಜಿಗೆ ಕೊಡಿ.

ತೊಗಲು, ನಾರು, ಅರಗು, ರಬ್ಬರು: ಮುನ್ನೂರು ವರ್ಷಗಳಲ್ಲಿ ಸಾಮಗ್ರಿ ಬದಲಾಯಿತು, ನಿಯಮ ಬದಲಾಗಲಿಲ್ಲ. ಸಂದು ಚೊಕ್ಕಟವಾಗಿರಬೇಕು, ಬಿಗಿತ ಹದವಾಗಿರಬೇಕು, ಒಳಗಿನ ಒತ್ತಡಕ್ಕೆ ಹೋಗಲು ದಾರಿ ಇರಬೇಕು. ಇಷ್ಟನ್ನು ನೆನಪಿಟ್ಟವರ ಗಾಡಿ ದಾರಿಯಲ್ಲಿ ನಿಲ್ಲುವುದು ಕಡಿಮೆ.