ಕಿರಿಯ ವೈದ್ಯರ ಅಳಲು, ಒಬ್ಬ ಗುರುವಿನ ಹೋರಾಟ

ವೈದ್ಯವೃತ್ತಿಯ ನಿಜವಾದ ಕಲಿಕೆ ನಡೆಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಅಲ್ಲಿ ಕಲಿಸುವ ಹಿರಿಯರೇ ಮುಂದೆ ಶಿಫಾರಸು ಪತ್ರ ಬರೆಯಬೇಕಾದವರು. ಅಂಥ ಹಿರಿಯರೇ ರೋಗಿಯನ್ನು ಅಪಾಯಕ್ಕೆ ಒಡ್ಡುತ್ತಿದ್ದರೆ ಕಲಿಯುವವನು ಏನು ಮಾಡಬೇಕು? ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಕಿರಿಯ ವೈದ್ಯರನ್ನು ಈ ಪ್ರಶ್ನೆ ಕಾಡಿತು.

ನಾಜಿ ವೈದ್ಯರು ಕೈದಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆ ಮುಗಿದ ಮೇಲೆ, 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ರೂಪುಗೊಂಡಿತ್ತು. ಮನುಷ್ಯನ ಮೇಲೆ ಪ್ರಯೋಗ ಮಾಡುವ ಮುನ್ನ ಅವನ ಸ್ವಇಚ್ಛೆಯ ಒಪ್ಪಿಗೆ ಬೇಕು ಎಂಬುದು ಅದರ ಮೊದಲ ಸೂತ್ರ. ಆದರೆ ಅದು ಅಪರಾಧಿಗಳಿಗಾಗಿ ಬರೆದದ್ದು, ತಮಗಲ್ಲ ಎಂಬ ಭಾವನೆ ಅನೇಕ ವೈದ್ಯರಲ್ಲಿತ್ತು.

ಆಗ ಲಂಡನ್ನಿನಲ್ಲಿ ಮಾರಿಸ್ ಪ್ಯಾಪ್‌ವರ್ತ್ ಎಂಬ ವೈದ್ಯರಿದ್ದರು. 1910ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಅವರು ಯಹೂದಿಗಳು. ಆ ಕಾರಣಕ್ಕೇ ದೊಡ್ಡ ಆಸ್ಪತ್ರೆಗಳ ಹುದ್ದೆ ಅವರಿಗೆ ದಕ್ಕಲಿಲ್ಲವೆಂದು ಹೇಳಲಾಗುತ್ತದೆ. ಅವರು ಕಿರಿಯ ವೈದ್ಯರನ್ನು ಎಂ.ಆರ್.ಸಿ.ಪಿ. ಎಂಬ ಕಠಿಣ ಪರೀಕ್ಷೆಗೆ ಖಾಸಗಿಯಾಗಿ ಸಿದ್ಧಗೊಳಿಸುತ್ತಿದ್ದರು. ಒಳ್ಳೆಯ ಗುರುವೆಂಬ ಹೆಸರು ಅವರದಾಗಿತ್ತು.

ಈ ಶಿಷ್ಯರು ಪಾಠದ ನಡುವೆ ತಮ್ಮ ಆಸ್ಪತ್ರೆಗಳಲ್ಲಿ ಕಂಡದ್ದನ್ನು ಹೇಳತೊಡಗಿದರು. ಚಿಕಿತ್ಸೆಗೆ ಅಗತ್ಯವಿಲ್ಲದಿದ್ದರೂ, ಕೇವಲ ಸಂಶೋಧನೆಗಾಗಿ, ರೋಗಿಯ ರಕ್ತನಾಳದ ಮೂಲಕ ಹೃದಯದವರೆಗೆ ನಳಿಕೆ ತೂರಿಸುತ್ತಿದ್ದರು. ಎಷ್ಟೋ ವೇಳೆ ಇದು ಏಕೆಂದು ರೋಗಿಗೆ ತಿಳಿಸುತ್ತಲೂ ಇರಲಿಲ್ಲ. ಇದು ಸರಿಯಲ್ಲವೆಂದು ಶಿಷ್ಯರಿಗೆ ಅನ್ನಿಸಿತ್ತು. ಆದರೆ ಬಾಯಿ ಬಿಟ್ಟರೆ ಭವಿಷ್ಯ ಹಾಳಾಗುವ ಭಯ. ಆಸ್ಪತ್ರೆಯೊಳಗೆ ಆಡಲಾಗದ ಮಾತನ್ನು ಅವರು ಹೊರಗಿನ ಗುರುವಿನ ಮುಂದೆ ಆಡಿದರು.

ಪ್ಯಾಪ್‌ವರ್ತ್ ಕೇಳಿ ಸುಮ್ಮನಾಗಲಿಲ್ಲ. ಕೇಳಿದ್ದನ್ನೇ ನಂಬಿ ಕೂಗಾಡಲೂ ಇಲ್ಲ. ವೈದ್ಯಕೀಯ ಪತ್ರಿಕೆಗಳನ್ನು ತಿರುವಿ ಹಾಕಿದರು. ಸಂಶೋಧಕರು ತಾವು ಮಾಡಿದ್ದನ್ನು ತಾವೇ ಅಲ್ಲಿ ವಿವರವಾಗಿ ಬರೆದುಕೊಂಡಿದ್ದರು! ಪ್ರತಿಭಟಿಸಿ ಬರೆದ ಪತ್ರಗಳು ಹಲವು ಸಲ ಪ್ರಕಟವಾಗಲಿಲ್ಲ. 1962ರಲ್ಲಿ ಅವರು ಸಾಮಾನ್ಯ ಓದುಗರ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. 1967ರಲ್ಲಿ 'ಹ್ಯೂಮನ್ ಗಿನಿ ಪಿಗ್ಸ್' ಎಂಬ ಪುಸ್ತಕ ಹೊರಬಂದಿತು. ಅದರಲ್ಲಿ ಪ್ರಯೋಗಗಳ ವಿವರದೊಡನೆ ಪ್ರಯೋಗ ನಡೆಸಿದವರ ಹೆಸರುಗಳೂ ಇದ್ದವು. ಅಮೆರಿಕದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರು 1966ರಲ್ಲಿ ಇಂಥದೇ 22 ಉದಾಹರಣೆಗಳನ್ನು ಹೆಸರಿಲ್ಲದೆ ಪ್ರಕಟಿಸಿದ್ದರು.

ವೃತ್ತಿಬಾಂಧವರು ಸಿಟ್ಟಿಗೆದ್ದರು. ವೃತ್ತಿಯ ಮರ್ಯಾದೆ ಬೀದಿಪಾಲಾಯಿತೆಂದರು. ಆದರೂ ಕಾಲ ಬದಲಾಯಿತು. 1967ರಲ್ಲೇ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯ ಸಮಿತಿಯೊಂದು, ಇಂಥ ಸಂಶೋಧನೆಗಳನ್ನು ಮುಂಚಿತವಾಗಿ ಪರಿಶೀಲಿಸುವ ವ್ಯವಸ್ಥೆ ಬೇಕೆಂದು ಸೂಚಿಸಿತು. ಮರುವರ್ಷ ಸರ್ಕಾರವೂ ಆಸ್ಪತ್ರೆಗಳಿಗೆ ಹಾಗೆಯೇ ತಿಳಿಸಿತು. ಬ್ರಿಟನ್ನಿನಲ್ಲಿ ನೈತಿಕ ಸಮಿತಿಗಳು ಬೇರೂರಿದ್ದು ಹೀಗೆ. ಆದರೆ ಪ್ಯಾಪ್‌ವರ್ತ್ ಅವರಿಗೆ ಅದೇ ಸಂಸ್ಥೆಯ ಫೆಲೋ ಗೌರವ ದೊರೆತದ್ದು 1993ರಲ್ಲಿ. ಅವರು ಎಂ.ಆರ್.ಸಿ.ಪಿ. ಮುಗಿಸಿ 57 ವರ್ಷಗಳಾಗಿದ್ದವು. ಮರುವರ್ಷವೇ ಅವರು ತೀರಿಕೊಂಡರು.

ಗುರುವಿನ ಹೆಸರು ಇತಿಹಾಸದಲ್ಲಿ ಉಳಿಯಿತು. ಮೊದಲು ಬಾಯಿ ಬಿಟ್ಟ ಆ ಶಿಷ್ಯರ ಹೆಸರುಗಳು ಜನರಿಗೆ ತಿಳಿಯಲಿಲ್ಲ. ಅವರ ಭಯ ಇಂದಿಗೂ ಪೂರ್ತಿ ಹೋಗಿಲ್ಲ. 2015ರಲ್ಲಿ ಸರ್ ರಾಬರ್ಟ್ ಫ್ರಾನ್ಸಿಸ್ ಬ್ರಿಟನ್ನಿನ ಆರೋಗ್ಯ ಸೇವೆಯ ಬಗ್ಗೆ ನೀಡಿದ ವರದಿ, ದನಿಯೆತ್ತಲು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ವಿದ್ಯಾರ್ಥಿಗಳನ್ನೂ ತರಬೇತಿಯಲ್ಲಿರುವವರನ್ನೂ ಸೇರಿಸಿತು. ತಪ್ಪು ಮೊದಲು ಕಣ್ಣಿಗೆ ಬೀಳುವುದು ಅದಕ್ಕೆ ಇನ್ನೂ ಒಗ್ಗಿಕೊಳ್ಳದ ಹೊಸಬರಿಗೆ. ಅವರು ಹೇಳುವುದು ಎಷ್ಟು ಮುಖ್ಯವೋ, ಕೇಳುವ ಹಿರಿಯರೊಬ್ಬರು ಇರುವುದೂ ಅಷ್ಟೇ ಮುಖ್ಯ.