ಅಂಗಳಕ್ಕೆ ಇಳಿದ ಕಲ್ಲು

ಕನ್ನಡ ನಾಡಿನ ಹಳೆಯ ಮನೆಗಳ ಮಾತು ಬಂದಾಗ ತೊಟ್ಟಿ, ಕಂಬ, ಬಾಗಿಲವಾಡದ ಕೆತ್ತನೆಗಳ ವರ್ಣನೆಯೇ ಹೆಚ್ಚು. ಅಂಗಳದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಆದರೆ ಮುಂಬಾಗಿಲ ಎದುರಿನ ಹಾಸುಗಲ್ಲು, ಹಿತ್ತಲಿನ ಒಗೆಯುವ ಕಲ್ಲು, ದನಗಳ ಬಾನಿ, ತುಳಸಿಕಟ್ಟೆ, ಬೇಲಿಯಾಗಿ ನಿಲ್ಲಿಸಿದ ಚಪ್ಪಡಿ ಇವೆಲ್ಲ ಎಷ್ಟೋ ಕಡೆ ಮನೆಗಿಂತ ಹೆಚ್ಚು ಕಾಲ ಬಾಳಿವೆ. ಗೋಡೆ ಕುಸಿದು ಸೂರು ಹೋದ ಮೇಲೂ ಉಳಿದಿವೆ. ಈ ಬಾಳಿಕೆಗೆ ಕಲ್ಲಿನ ಗಡಸುತನವೊಂದೇ ಕಾರಣವೇ?

ಅಂಗಳಕ್ಕೆ ಯಾವ ಕಲ್ಲು ಎಂಬುದನ್ನು ಮನೆಯ ಯಜಮಾನನಿಗಿಂತ ಮೊದಲು ನೆಲವೇ ತೀರ್ಮಾನಿಸುತ್ತಿತ್ತು. ಕರಾವಳಿಯಲ್ಲಿ ಸಿಕ್ಕುವುದು ಮುರಕಲ್ಲು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಕೆಂಪು ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅವನ ಪ್ರವಾಸಕಥನ ಅಚ್ಚಾದದ್ದು 1807ರಲ್ಲಿ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಇಟ್ಟಿಗೆಯಂತೆ ಕಡಿಯಲು ಬರುವ ಈ ಕಲ್ಲು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಲಬುರಗಿಯ ಕಡೆ ಹೋದರೆ ಭೀಮಾ ತೀರದ ಸುಣ್ಣಕಲ್ಲು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುವ ಇದೇ ಹೆಸರಾಂತ ಶಹಾಬಾದ್ ಫರಸಿ.

ಬೆಂಗಳೂರು, ಕೋಲಾರ, ತುಮಕೂರುಗಳ ನೆಲದಡಿ ಇರುವುದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ. ಲಾಲ್‌ಬಾಗಿನ ಗುಡ್ಡ ಅದರದೇ ಒಂದು ತುಣುಕು. ಇಷ್ಟು ಗಡುಸಾದ ಬಂಡೆಯನ್ನು ಯಂತ್ರವಿಲ್ಲದ ಕಾಲದಲ್ಲಿ ಚಪ್ಪಡಿಯಾಗಿ ಎಬ್ಬಿಸುತ್ತಿದ್ದುದು ಬೆಂಕಿಯಿಂದ. ಸಮತಟ್ಟಾದ ಬಂಡೆಯ ಮೇಲೆ ಸಾಲಾಗಿ ಒಣಸೌದೆ ಹೊತ್ತಿಸುತ್ತಿದ್ದರು. ಕಾವಿಗೆ ಮೇಲ್ಪದರ ಹಿಗ್ಗಿ, ಅಡಿಯ ತಣ್ಣನೆಯ ಬಂಡೆಯಿಂದ ಬಿಟ್ಟುಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದಿನಿಂದಲೇ ಪದರ ಬಿಟ್ಟಿತೆಂದು ತಿಳಿದು, ಬೆಂಕಿಯ ಸಾಲನ್ನು ಮುಂದಕ್ಕೆ ಸರಿಸುತ್ತಿದ್ದರು. ಈ ವಿಧಾನ 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲೂ ವರ್ಣನೆಗೊಂಡಿತು. ಶಾಲೆಯ ಮುಖ ಕಾಣದ ಕಲ್ಲುಕುಟಿಗರು ಕಿವಿಯಿಂದಲೇ ಶಿಲಾಶಾಸ್ತ್ರ ಕಲಿತಿದ್ದರು. ತಲೆಮಾರುಗಳ ಕಾಲ ಕಲ್ಲಿನ ಕೆಲಸವನ್ನೇ ನೆಚ್ಚಿದ ಭೋವಿ ಸಮುದಾಯದ ದುಡಿಮೆ ನಮ್ಮ ಊರುಗಳ ಅಂಗಳಗಳಲ್ಲಿ ಇಂದಿಗೂ ಹಾಸಿಕೊಂಡಿದೆ.

ಹೀಗೆ ಬಂದ ಕಲ್ಲನ್ನು ಅಂಗಳದ ತುಂಬ ಹಾಸುತ್ತಿರಲಿಲ್ಲ. ಕಲ್ಲು ದುಬಾರಿ, ಅದನ್ನು ಸಾಗಿಸುವುದು ಇನ್ನೂ ದುಬಾರಿ. ಕಾಲು ಹೆಚ್ಚು ತುಳಿಯುವ ದಾರಿ, ನೀರು ಚೆಲ್ಲುವ ಬಚ್ಚಲ ಬದಿ, ಸೂರಿನ ಹನಿ ಬೀಳುವ ಜಾಗ, ಬಾವಿಯ ಸುತ್ತು ಇಷ್ಟಕ್ಕೆ ಮಾತ್ರ ಕಲ್ಲು. ಉಳಿದದ್ದು ಮಣ್ಣಿನ ನೆಲ. ಹಾಸುವಾಗಲೂ ಮಣ್ಣು ಗಟ್ಟಿಸಿ, ಮರಳು ಹರವಿ, ಅದರ ಮೇಲೆ ಚಪ್ಪಡಿ ಕೂರಿಸುವುದು ವಾಡಿಕೆ. ಸಂದಿನಲ್ಲಿ ನೀರು ಇಂಗುತ್ತಿತ್ತು. ನೆಲ ಜಗ್ಗಿದರೆ ಆ ಒಂದು ಕಲ್ಲನ್ನು ಎತ್ತಿ ಮರಳು ತುಂಬಿ ಮತ್ತೆ ಕೂರಿಸಿದರಾಯಿತು. ಮನೆ ಬಿಟ್ಟು ಹೋಗುವವರು ಚಪ್ಪಡಿಯನ್ನೂ ಗಾಡಿಗೆ ಹೇರಬಹುದಿತ್ತು. ಹಳೆಯ ಅಂಗಳದ ಬಾಳಿಕೆಯ ಗುಟ್ಟು ಇದು: ಗಡಸು ಕಲ್ಲು, ಆದರೆ ಸಡಿಲ ಹಾಸು.

ಈ ವ್ಯವಸ್ಥೆಯನ್ನು ಬದಲಿಸಿದ್ದು ಸಿಮೆಂಟು. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಗುಜರಾತಿನ ಪೋರಬಂದರಿನ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1914ರಲ್ಲಿ. 1936ರಲ್ಲಿ ಒಂದುಗೂಡಿ ಎ.ಸಿ.ಸಿ. ಎನಿಸಿದ ಕಂಪನಿಗಳ ಪೈಕಿ ಶಹಾಬಾದಿನ ಸಿಮೆಂಟ್ ಕಂಪನಿಯೂ ಒಂದು. ಫರಸಿ ಕೊಟ್ಟ ಸೀಮೆಯ ಸುಣ್ಣಕಲ್ಲೇ ಸುಟ್ಟು ಪುಡಿಯಾಗಿ, ಫರಸಿಯ ಸಂದು ಮುಚ್ಚಲು ಚೀಲದಲ್ಲಿ ತುಂಬಿ ಬಂತು!

ಸಿಮೆಂಟನ್ನು ಜರೆಯುವುದು ಸುಲಭ. ಆದರೆ ಮಣ್ಣಿನ ಅಂಗಳವನ್ನು ದಿನಬೆಳಗಾದರೆ ಗುಡಿಸಿ, ಸಗಣಿ ಸಾರಿಸುತ್ತಿದ್ದ ಕೈಗಳು ಯಾರವು? ಮಳೆಗಾಲದ ಕೆಸರು, ಪಾಚಿಯ ಜಾರಿಕೆ, ಕತ್ತಲಲ್ಲಿ ಹಾವಿನ ಭಯ ಇವುಗಳನ್ನು ಅನುಭವಿಸಿದ ಹೆಂಗಸರು ಕಾಂಕ್ರೀಟ್ ಅಂಗಳವನ್ನು ಮನಸಾರೆ ಸ್ವಾಗತಿಸಿದ್ದರಲ್ಲಿ ತಪ್ಪೇನಿಲ್ಲ. ತೊಂದರೆ ಬಂದದ್ದು ಅದು ದಾರಿಗೆ, ಬಚ್ಚಲಿಗೆ ನಿಲ್ಲದೆ ಗೋಡೆಯಿಂದ ಗೋಡೆಗೆ ಹಬ್ಬಿದಾಗ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಎಂದರೆ 10 ಅಡಿಗೆ 20 ಅಡಿಯ ಪುಟ್ಟ ಅಂಗಳದ ಮೇಲೂ ವರ್ಷಕ್ಕೆ ಸುಮಾರು 18 ಸಾವಿರ ಲೀಟರ್ ಸುರಿಯುತ್ತದೆ. ಅದರಲ್ಲಿ ಆವಿಯಾದದ್ದನ್ನು ಕಳೆದರೂ ಉಳಿಯುವ ಪಾಲು ಸಣ್ಣದಲ್ಲ. ಸಂದಿಲ್ಲದ ಅಂಗಳ ಅದನ್ನು ಬೀದಿಗೆ ನೂಕುತ್ತದೆ. ಮಳೆಯಲ್ಲಿ ತಗ್ಗಿನ ಬಡಾವಣೆಗೆ ನೆರೆ, ಬೇಸಿಗೆಯಲ್ಲಿ ಎಲ್ಲರಿಗೂ ಬರ. ರಾಜಧಾನಿಯಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾದದ್ದು 2009ರಲ್ಲಿ. ಆದರೂ 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ಹತ್ತಿರ ಹತ್ತಿರ ಏಳು ಸಾವಿರ ಬತ್ತಿದ್ದವೆಂದು ಸರ್ಕಾರವೇ ಹೇಳಿತು.

ಇಂದು ಅಂಗಳಗಳಿಗೆ ಒಂದಕ್ಕೊಂದು ಹೆಣೆದುಕೊಳ್ಳುವ ಸಿಮೆಂಟ್ ಬಿಲ್ಲೆಗಳು ಬಂದಿವೆ. ಅವನ್ನು ಜಲ್ಲಿ, ಮರಳಿನ ಮೇಲೆ ಕೂರಿಸಿದರೆ ಸಂದಿನಲ್ಲಿ ನೀರು ಇಳಿಯುತ್ತದೆ. ಕೆಟ್ಟ ಬಿಲ್ಲೆಯನ್ನು ಎತ್ತಿ ಬದಲಿಸಲೂಬಹುದು. ಹೊಸದೆಂದು ಮಾರುವ ಈ ವಿದ್ಯೆ ಹಳೆಯ ಚಪ್ಪಡಿಯದೇ. ಅದೇ ಬಿಲ್ಲೆಯನ್ನು ಕಾಂಕ್ರೀಟಿನ ಮೇಲೆ ಅಂಟಿಸಿ, ಸಂದಿಗೆ ಸಿಮೆಂಟು ಮೆತ್ತಿದರೆ ಮಾತ್ರ ಆ ವಿದ್ಯೆ ಅಲ್ಲಿಗೆ ಮುಗಿಯಿತು.

ಅಂಗಳ ನಮ್ಮದೇ ಇರಬಹುದು. ಅದರ ಮೇಲೆ ಬೀಳುವ ಮಳೆಯಲ್ಲಿ ನೆರೆಯವರ ಬಾವಿಗೂ, ಮುಂದಿನವರ ಬಾಯಾರಿಕೆಗೂ ಪಾಲಿದೆ. ಕಲ್ಲು ಹಾಸುವ ಮುನ್ನ ಎಲ್ಲಿ ಹಾಸಬೇಕೆಂದು ಕೇಳುವಂತೆ, ಎಲ್ಲಿ ಹಾಸದೆ ಬಿಡಬೇಕೆಂದೂ ಕೇಳಿಕೊಳ್ಳುವುದು ಒಳ್ಳೆಯದು.