ಅಲಮೇಲಮ್ಮನ ಶಾಪ, ನಮ್ಮೂರ ಸೊಸೆಯ ಪಾಡು

ಕುಂದಾಣದ ಸುತ್ತ ಮಕ್ಕಳಿಲ್ಲದ ಮನೆಗೆ ‘ಯಾವ ಶಾಪವೋ’ ಎನ್ನುವ ಮಾತು ಈಗಲೂ ಇದೆ; ತಾಗುವುದು ಸೊಸೆಗೆ. ನಾವು ಮೈಸೂರು ಅರಮನೆಯ ಶಾಪವನ್ನೇ ನೋಡೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನ ಪತ್ನಿ ಅಲಮೇಲಮ್ಮನನ್ನು ಒಡವೆಗಾಗಿ ಸೈನಿಕರು ಬೆನ್ನಟ್ಟಿದಾಗ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿ ಆಕೆ ಕಾವೇರಿಗೆ ಹಾರಿದಳೆಂಬುದು ಐತಿಹ್ಯ.

ಆದರೆ ಹತ್ತನೇ ಚಾಮರಾಜರಿಗೆ, ಜಯಚಾಮರಾಜರಿಗೆ ಗಂಡುಮಕ್ಕಳಿದ್ದರು. ನಾಲ್ವಡಿ ಕೃಷ್ಣರಾಜರಿಗೆ ಮಕ್ಕಳಿರಲಿಲ್ಲ. 1940ರಲ್ಲಿ ತಮ್ಮನ ಮಗ ಪಟ್ಟವೇರಿದರು. ಶ್ರೀಕಂಠದತ್ತರಿಗೂ ಇರಲಿಲ್ಲ, ಅವರ ಅಕ್ಕನ ಮೊಮ್ಮಗ ಯದುವೀರರನ್ನು 2015ರಲ್ಲಿ ಪ್ರಮೋದಾದೇವಿಯವರು ದತ್ತು ಪಡೆದರು. 2017ರಲ್ಲಿ ಯದುವೀರರಿಗೆ ಗಂಡುಮಗು ಹುಟ್ಟಿತು.

ಕಥೆಯಲ್ಲಿ ಅನ್ಯಾಯವಾದದ್ದು ಹೆಣ್ಣಿಗೆ. ಅಂಥ ಕಥೆ ಹೇಳುತ್ತಲೇ ನಾವು ಇನ್ನೊಬ್ಬ ಹೆಣ್ಣನ್ನು ಚುಚ್ಚುವುದು ಬೇಡ. ಅರಮನೆಗೆ ದತ್ತು ಹಬ್ಬವಾದರೆ ನಮ್ಮೂರಿಗೂ ಆಗಲಿ.